ಪ್ರಶ್ನೋತ್ತರ: ವಾಷಿಂಗ್ಟನ್ನಿನ ವಸತಿ ಇಲಾಖೆಯಲ್ಲಿ ಯಾರ ಕಡೆಯವರು?

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಬಾಡಿಗೆ ವೋಚರ್, ಅಂದರೆ ಬಡವರ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರ ಕಟ್ಟುವ ಚೀಟಿಯ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೇರೆಯದೇ ಕೇಳುತ್ತಿವೆ: ಅದಕ್ಕೆ ದುಡ್ಡು ಕೊಡುವ ವಸತಿ ಇಲಾಖೆಯ ಮೇಲಿನ ಕುರ್ಚಿಗಳಿಗೆ ಜನರನ್ನು ಆರಿಸುವವರು ಯಾರು, ಯಾವ ಲೆಕ್ಕದಲ್ಲಿ? ಈ ತಿಂಗಳು ಪೂರಾ ಅದಕ್ಕೇ ಮೀಸಲು. ಹೊಸ ಓದುಗರಿಗೆ ಪರಿಚಯ ಹೇಳಿಬಿಡುತ್ತೇನೆ. ನಾನು ತಿಪಟೂರಿನವಳು. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದು) ವಸತಿ ಕಚೇರಿಯಲ್ಲಿ ಬಾಡಿಗೆದಾರರ ಕಡತ ನೋಡಿಕೊಂಡಿದ್ದು ನಿವೃತ್ತಳಾದವಳು. ದೊಡ್ಡವರನ್ನು ಕಂಡದ್ದು ಕಡಿಮೆ, ಅವರ ಸುತ್ತೋಲೆಗಳನ್ನು ಕಂಡದ್ದು ಜಾಸ್ತಿ. ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯನ್ನು ಅಲ್ಲಿ ಎಲ್ಲರೂ ‘ಹಡ್’ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಅಧ್ಯಕ್ಷರು ಬದಲಾದರೆ ಇಲಾಖೆಯವರೆಲ್ಲ ಗಂಟುಮೂಟೆ ಕಟ್ಟಬೇಕಂತೆ, ನಿಜವೇ? ನಮ್ಮಲ್ಲಿ ಮಂತ್ರಿ ಹೋದರೂ ಕಾರ್ಯದರ್ಶಿ ಇರುತ್ತಾರಲ್ಲ?
— ನಿವೃತ್ತ ಶಿಕ್ಷಕರು, ಮೈಸೂರು

ಎಲ್ಲರೂ ಅಲ್ಲ ಮೇಷ್ಟ್ರೇ, ಆದರೆ ನಮ್ಮಲ್ಲಿಗಿಂತ ಬಹಳ ಆಳದವರೆಗೆ. ನಮ್ಮ ಕೇಂದ್ರ ಸರ್ಕಾರದಲ್ಲಿ ಮಂತ್ರಿ ರಾಜಕೀಯದವರು, ಕಾರ್ಯದರ್ಶಿಯಿಂದ ಕೆಳಗೆ ಐಎಎಸ್ಸು, ಮತ್ತಿತರ ಸೇವೆಯವರು. ಹಡ್‌ನಲ್ಲಿ ಹಾಗಲ್ಲ. ಸೆಕ್ರೆಟರಿ ಅಂದರೇ ಮಂತ್ರಿ. ಅವರ ಕೆಳಗಿನ ಡೆಪ್ಯುಟಿ ಸೆಕ್ರೆಟರಿ, ಕಾನೂನು ಮುಖ್ಯಸ್ಥರು, ಗೃಹಸಾಲ ವಿಮೆ ನೋಡುವವರು, ಸಾರ್ವಜನಿಕ ವಸತಿ ನೋಡುವವರು, ವಸತಿ ತಾರತಮ್ಯದ ದೂರು ನೋಡುವವರು, ಇವರೆಲ್ಲ ಅಧ್ಯಕ್ಷರು ಹೆಸರಿಸಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕಾದವರು. ಅವರ ಕೆಳಗೆ ಸೆನೆಟ್ಟಿನ ಗೊಡವೆಯಿಲ್ಲದೆ ಬರುವ ರಾಜಕೀಯ ಅಧಿಕಾರಿಗಳು. ಇನ್ನೂ ಕೆಳಗೆ, ‘ಶೆಡ್ಯೂಲ್ ಸಿ’ ಅನ್ನುವ ವರ್ಗದಲ್ಲಿ ಆಪ್ತ ಸಹಾಯಕರು, ಭಾಷಣ ಬರೆಯುವವರು. ಈ ವರ್ಗ ಹುಟ್ಟಿದ್ದು 1953ರಲ್ಲಿ, ಐಸೆನ್‌ಹೋವರ್ ಕಾಲದಲ್ಲಿ. ಬಾಸ್ಟನ್ನಿನಿಂದ ಸಿಯಾಟಲ್‌ವರೆಗೆ ಹಡ್‌ಗೆ ಹತ್ತು ಪ್ರಾಂತ ಕಚೇರಿಗಳಿವೆ. ಅವುಗಳ ಮುಖ್ಯಸ್ಥರೂ ಆಳುವ ಕಡೆಯವರೇ.

ಇಡೀ ಕೇಂದ್ರ ಸರ್ಕಾರದಲ್ಲಿ ಇಂಥ ಹುದ್ದೆಗಳು ಸುಮಾರು 4,000. ಅದರಲ್ಲಿ ಸುಮಾರು 1,300ಕ್ಕೆ ಸೆನೆಟ್ಟಿನ ಒಪ್ಪಿಗೆ ಬೇಕು. ಯಾವ ಯಾವ ಕುರ್ಚಿ ಅಂತ ಪಟ್ಟಿ ಮಾಡಿದ ‘ಪ್ಲಮ್ ಬುಕ್’ ಅನ್ನುವ ಪುಸ್ತಕವೇ 1952ರಿಂದ ಇದೆ. ಚುನಾವಣೆ ಮುಗಿದ ವಾರ ವಾಷಿಂಗ್ಟನ್ನಿನಲ್ಲಿ ಅದನ್ನು ಪಂಚಾಂಗದ ಹಾಗೆ ತಿರುವಿ ಹಾಕುತ್ತಾರೆ.

ಮಿಕ್ಕ ಸಾವಿರಾರು ನೌಕರರು ಕಾಯಂ. ಒಂದು ಕಾಲಕ್ಕೆ ಅವರೂ ಕಾಯಂ ಆಗಿರಲಿಲ್ಲ. ಗೆದ್ದ ಪಕ್ಷ ಅಂಚೆ ಪೇದೆಯವರೆಗೂ ತನ್ನವರನ್ನೇ ತುಂಬುತ್ತಿತ್ತು. 1881ರಲ್ಲಿ ಹುದ್ದೆ ಸಿಗಲಿಲ್ಲವೆಂದು ಕುದಿಯುತ್ತಿದ್ದ ಚಾರ್ಲ್ಸ್ ಗಿಟೊ ಎಂಬವನು ಅಧ್ಯಕ್ಷ ಗಾರ್‌ಫೀಲ್ಡರಿಗೇ ಗುಂಡು ಹೊಡೆದ. 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು, ಪರೀಕ್ಷೆ ಬಂತು. ಈಗ ಗಾಳಿ ಮತ್ತೆ ತಿರುಗುತ್ತಿದೆ. ನೀತಿ ರೂಪಿಸುವ ಕಾಯಂ ನೌಕರರನ್ನೂ ಸುಲಭವಾಗಿ ತೆಗೆದುಹಾಕಲು ಆಗುವಂಥ ಹೊಸ ವರ್ಗದ ಆದೇಶವನ್ನು ಟ್ರಂಪ್ 2020ರ ಅಕ್ಟೋಬರಿನಲ್ಲಿ ಹೊರಡಿಸಿದರು, ಬೈಡನ್ ಬಂದವರೇ ರದ್ದು ಮಾಡಿದರು, 2025ರ ಜನವರಿ 20ರಂದು ಅದು ಹೆಸರು ಬದಲಿಸಿಕೊಂಡು ವಾಪಸು ಬಂತು.

ಮತ್ತೊಂದು ವ್ಯತ್ಯಾಸ: ಅಲ್ಲಿ ಸಂಸದರಾಗಿದ್ದುಕೊಂಡು ಮಂತ್ರಿಯಾಗುವಂತಿಲ್ಲ. ಒಹಾಯೊದ ಮಾರ್ಷಾ ಫಜ್ 2021ರ ಮಾರ್ಚಿನಲ್ಲಿ ಹಡ್ ಸೆಕ್ರೆಟರಿಯಾದಾಗ ಸಂಸತ್ತಿನ ಸ್ಥಾನ ಬಿಟ್ಟೇ ಬರಬೇಕಾಯಿತು.

ಒಮ್ಮೆ ಮಿದುಳಿನ ಶಸ್ತ್ರವೈದ್ಯರು, ಈಗ ಫುಟ್‌ಬಾಲ್ ಆಟಗಾರರು. ಮನೆ ಕಟ್ಟುವುದಕ್ಕೂ ಇವರಿಗೂ ಏನು ನಂಟು? ಅರ್ಹತೆ ಅಂತ ಒಂದು ಬೇಡವೇ?
— ವಕೀಲರು, ಚಿತ್ರದುರ್ಗ

ವಕೀಲರೇ, ಮೊದಲು ಒಂದು ತಿದ್ದುಪಡಿ: ಹಡ್ ಮನೆ ಕಟ್ಟುವುದಿಲ್ಲ. ನಮ್ಮ ಗೃಹಮಂಡಳಿಯಂತೆ ಸೈಟು ಹಂಚುವುದೂ ಇಲ್ಲ. ದುಡ್ಡು ಕೊಡುತ್ತದೆ, ಸಾಲಕ್ಕೆ ವಿಮೆ ಕೊಡುತ್ತದೆ, ನಿಯಮ ಬರೆಯುತ್ತದೆ. ಮನೆ ನೋಡಿಕೊಳ್ಳುವುದು ದೇಶದ ಮೂರು ಸಾವಿರಕ್ಕೂ ಹೆಚ್ಚು ಸ್ಥಳೀಯ ವಸತಿ ಕಚೇರಿಗಳು. ನಾನಿದ್ದದ್ದು ಅಂಥದೊಂದರಲ್ಲಿ.

ಇನ್ನು ಅರ್ಹತೆ. ಕಾನೂನಿನಲ್ಲಿ ಹೆಚ್ಚೇನೂ ಇಲ್ಲ. ಸೆನೆಟ್ಟಿನ ಬ್ಯಾಂಕಿಂಗ್ ಮತ್ತು ವಸತಿ ಸಮಿತಿಯ ಮುಂದೆ ಕೂತು ಪ್ರಶ್ನೆಗೆ ಉತ್ತರಿಸಬೇಕು, ಆಸ್ತಿ ವಿವರ ಕೊಡಬೇಕು, ಎಫ್‌ಬಿಐ ತನಿಖೆ ಆಗಬೇಕು, ಆಮೇಲೆ ಪೂರ್ಣ ಸೆನೆಟ್ಟಿನಲ್ಲಿ ಮತ. ಬೆನ್ ಕಾರ್ಸನ್ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1987ರಲ್ಲಿ ತಲೆ ಅಂಟಿಕೊಂಡು ಹುಟ್ಟಿದ ಅವಳಿಗಳನ್ನು ಬೇರ್ಪಡಿಸಿದ ತಂಡದ ಮುಂದಾಳು. ವೈದ್ಯರಾಗಿ ಅವರ ಬಗ್ಗೆ ಎರಡು ಮಾತಿಲ್ಲ. ವಸತಿಯ ಅನುಭವ ಇರಲಿಲ್ಲ. ಹಡ್ ಸೆಕ್ರೆಟರಿ ಹುದ್ದೆಗೆ 2017ರ ಮಾರ್ಚ್ 2ರಂದು 58–41 ಮತಗಳಿಂದ ಒಪ್ಪಿಗೆಯಾಯಿತು. 2025ರಲ್ಲಿ ಬಂದ ಸ್ಕಾಟ್ ಟರ್ನರ್ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಆಡಿದವರು ನಿಜ, ಆದರೆ ಟೆಕ್ಸಾಸ್ ಶಾಸಕರೂ ಆಗಿದ್ದರು, ಹಿಂದುಳಿದ ಪ್ರದೇಶಗಳಿಗೆ ಬಂಡವಾಳ ತರುವ ಶ್ವೇತಭವನದ ಮಂಡಳಿಯೊಂದನ್ನು ನಡೆಸಿದ್ದರು. 2025ರ ಫೆಬ್ರವರಿ 5ರಂದು 55–44.

ಮೊದಲ ಸೆಕ್ರೆಟರಿ ರಾಬರ್ಟ್ ವೀವರ್ ಅವರದು ತೀರಾ ಉಲ್ಟಾ ಕತೆ. ಹಾರ್ವರ್ಡಿನ ಅರ್ಥಶಾಸ್ತ್ರದ ಡಾಕ್ಟರೇಟು, ರೂಸ್‌ವೆಲ್ಟ್ ಕಾಲದಿಂದ ವಸತಿಯದೇ ಕೆಲಸ, ಕೆನಡಿ ಕಾಲದಲ್ಲಿ ವಸತಿ ಸಂಸ್ಥೆಯ ಮುಖ್ಯಸ್ಥರು. ಅರ್ಹತೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1962ರಲ್ಲಿ ಕೆನಡಿ ನಗರ ಇಲಾಖೆ ಮಾಡಿ ಇವರನ್ನೇ ಮಂತ್ರಿ ಮಾಡುತ್ತೇನೆ ಅಂದಾಗ ಸಂಸತ್ತು ಆ ಇಲಾಖೆಯನ್ನೇ ತಳ್ಳಿಹಾಕಿತು. ದಕ್ಷಿಣದ ಸಂಸದರಿಗೆ ಕಪ್ಪು ಮನುಷ್ಯನೊಬ್ಬ ಸಂಪುಟದಲ್ಲಿ ಕೂರುವುದು ಬೇಡವಾಗಿತ್ತು. ಜಾನ್ಸನ್ 1965ರ ಸೆಪ್ಟೆಂಬರಿನಲ್ಲಿ ಕಾಯ್ದೆಗೆ ಸಹಿ ಹಾಕಿ, 1966ರ ಜನವರಿಯಲ್ಲಿ ವೀವರ್ ಅವರನ್ನು ಕೂರಿಸಿದರು. ಸಂಪುಟ ಸೇರಿದ ಮೊದಲ ಕಪ್ಪು ಅಮೆರಿಕನ್ ಅವರು. ವಾಷಿಂಗ್ಟನ್ನಿನಲ್ಲಿ ಹಡ್‌ಗಾಗಿ ಕಟ್ಟಿದ ಕಾಂಕ್ರೀಟ್ ಕಟ್ಟಡಕ್ಕೆ ಮುಂದೆ ಅವರ ಹೆಸರಿಟ್ಟರು. ಮಾರ್ಸೆಲ್ ಬ್ರಾಯರ್ ಅನ್ನುವ ದೊಡ್ಡ ವಾಸ್ತುಶಿಲ್ಪಿಯ ವಿನ್ಯಾಸ. ಮುಂದೆ ಸೆಕ್ರೆಟರಿಯಾದ ಜ್ಯಾಕ್ ಕೆಂಪ್ ಅದನ್ನು ಹತ್ತು ಅಂತಸ್ತಿನ ನೆಲಮಾಳಿಗೆ ಅಂದಿದ್ದರು. ಒಳಗೆ ಹೋಗಿ ಬಂದವಳಾಗಿ ಆ ಮಾತಿಗೆ ನನ್ನ ತಕರಾರಿಲ್ಲ.

1977ರಲ್ಲಿ ಹಡ್ ಸೆಕ್ರೆಟರಿ ಹುದ್ದೆಗೆ ಹೆಸರಾಗಿದ್ದ ಪೆಟ್ರೀಷಿಯಾ ರಾಬರ್ಟ್ಸ್ ಹ್ಯಾರಿಸ್ ಅವರಿಗೆ ಸೆನೆಟರ್ ಪ್ರಾಕ್ಸ್‌ಮೈರ್ ಕೇಳಿದ ಪ್ರಶ್ನೆಯೂ ಅರ್ಹತೆಯದೇ: ನಿಮ್ಮಂಥ ಸಿರಿವಂತ ವಕೀಲರಿಗೆ ಬಡವರ ಕಷ್ಟ ತಿಳಿದೀತೇ? ನಾನು ಅವರಲ್ಲೊಬ್ಬಳೇ, ರೈಲಿನ ಊಟದ ಬೋಗಿಯಲ್ಲಿ ಕೆಲಸ ಮಾಡಿದವನ ಮಗಳು ಅನ್ನುವ ಅರ್ಥದಲ್ಲಿ ಆಕೆ ತಿರುಗಿ ಹೇಳಿದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಮೇಲಿನವರಿಗೆ ವಸತಿ ಗೊತ್ತಿಲ್ಲದಿದ್ದರೆ ಒಂದು ವರ್ಷದಲ್ಲಿ ಕಲಿಸಬಹುದು, ಕಲಿಸುವ ಕಾಯಂ ನೌಕರರು ಇರಬೇಕು, ಕಲಿಯುವ ಮನಸ್ಸೂ ಇರಬೇಕು. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಮುಂದಿನ ಪತ್ರದವರು ಕೇಳಿದ ಸಂಗತಿ.

ನಮ್ಮಲ್ಲಿ ಆಶ್ರಯ ಮನೆ ಬೇಕಾದರೆ ಶಾಸಕರ ಮನೆ ಬಾಗಿಲು ಕಾಯಬೇಕು. ಅಮೆರಿಕದಲ್ಲಿ ಶಿಫಾರಸು ಗಿಫಾರಸು ನಡೆಯುವುದಿಲ್ಲ ಅಂತ ಅಳಿಯ ವಾದಿಸುತ್ತಾನೆ. ಹೌದೇ?
— ಗೃಹಿಣಿ, ಹುಬ್ಬಳ್ಳಿ

ಅಳಿಯಂದಿರಿಗೆ ಸ್ಯಾಮ್ಯುಯೆಲ್ ಪಿಯರ್ಸ್ ಕತೆ ಹೇಳಿ, ಅಮ್ಮಾ.

ರೇಗನ್ 1981ರಲ್ಲಿ ಅಧ್ಯಕ್ಷರಾದಾಗ ನ್ಯೂಯಾರ್ಕಿನ ವಕೀಲ ಪಿಯರ್ಸ್ ಅವರನ್ನು ಹಡ್‌ಗೆ ತಂದರು. ಸಂಪುಟದ ಒಬ್ಬರೇ ಕಪ್ಪು ಸದಸ್ಯರು. ಮಾತು ಕಡಿಮೆ, ಅದಕ್ಕೇ ‘ಸೈಲೆಂಟ್ ಸ್ಯಾಮ್’ ಅಂತ ಹೆಸರು. ಅದೇ ವರ್ಷ ಮೇಯರ್‌ಗಳ ಸಮಾರಂಭವೊಂದರಲ್ಲಿ ರೇಗನ್ ಇವರನ್ನು ಗುರುತಿಸದೆ ‘ಮಿಸ್ಟರ್ ಮೇಯರ್’ ಅಂತ ಕೈಕುಲುಕಿದರು. ತನ್ನ ಮಂತ್ರಿಯ ಗುರುತೇ ಇಲ್ಲದಷ್ಟು ಆ ಇಲಾಖೆ ಶ್ವೇತಭವನಕ್ಕೆ ದೂರವಾಗಿತ್ತು. ಬಜೆಟ್ ಕತ್ತರಿಸುತ್ತ ಹೋದರು. ಕಿರಿಯ ಹುದ್ದೆಗಳಿಗೆ ಪ್ರಚಾರದಲ್ಲಿ ದುಡಿದ ಹುಡುಗ ಹುಡುಗಿಯರು ಬಂದರು.

ಉಳಿದಿದ್ದ ಕೆಲವೇ ಯೋಜನೆಗಳಲ್ಲಿ ಒಂದು, ಹಳೆಯ ಅಪಾರ್ಟ್‌ಮೆಂಟುಗಳನ್ನು ರಿಪೇರಿ ಮಾಡಿ ಬಡವರಿಗೆ ಬಾಡಿಗೆಗೆ ಕೊಡುವವರಿಗೆ ವರ್ಷಗಟ್ಟಲೆ ಸಹಾಯಧನ ಕೊಡುವುದು. ‘ಮಾಡ್ ರಿಹ್ಯಾಬ್’ ಅನ್ನುತ್ತಿದ್ದರು. ಮೊದಲು ಆ ಹಣ ಯಾವ ಪ್ರದೇಶಕ್ಕೆ ಎಷ್ಟು ಅಗತ್ಯ ಅನ್ನುವ ಸೂತ್ರದ ಪ್ರಕಾರ ಹಂಚಿಕೆಯಾಗುತ್ತಿತ್ತು. 1984ರಲ್ಲಿ ಈ ಯೋಜನೆಗೆ ಆ ಸೂತ್ರ ಬೇಡ ಅಂತಾಯಿತು. ನನ್ನ ಪ್ರಕಾರ ಇಡೀ ಕತೆಯ ಗಂಟು ಇರುವುದು ಇಲ್ಲೇ. ಸೂತ್ರ ಹೋಯಿತು, ಅದರ ಜಾಗಕ್ಕೆ ಸ್ಪರ್ಧೆಯಾಗಲಿ ಅಂಕಪಟ್ಟಿಯಾಗಲಿ ಬರಲಿಲ್ಲ. ಯಾವ ಊರಿಗೆ ಎಷ್ಟು ಮನೆ ಅನ್ನುವುದು ವಾಷಿಂಗ್ಟನ್ನಿನ ಕೆಲವೇ ಮೇಜುಗಳ ಮೇಲೆ ತೀರ್ಮಾನವಾಗತೊಡಗಿತು. ಪಿಯರ್ಸ್ ಅವರ ಕಾರ್ಯನಿರ್ವಾಹಕ ಸಹಾಯಕಿ ಡೆಬೊರಾ ಗೋರ್ ಡೀನ್ ಆ ಮೇಜುಗಳಲ್ಲಿ ಒಂದರ ಹಿಂದೆ ಇದ್ದರು. ಆ ಹುದ್ದೆಗೆ ಬಂದಾಗ ವಯಸ್ಸು ಮೂವತ್ತರ ಆಸುಪಾಸು. ಆ ಯೋಜನೆ ರಾಜಕೀಯದ್ದೇ, ರಾಜಕೀಯವಾಗಿಯೇ ನಡೆಸಿದೆವು ಅನ್ನುವ ಅರ್ಥದ ಮಾತನ್ನು ಆಕೆ ಮುಂದೆ ಪತ್ರಿಕೆಗೇ ಹೇಳಿದರು.

ಬಿಲ್ಡರುಗಳಿಗೆ ಕತೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಹಡ್ ಒಳಗೆ ಪರಿಚಯ ಇರುವ ‘ಕನ್ಸಲ್ಟೆಂಟು’ಗಳನ್ನು ಹಿಡಿದರು. ನಾವು ತಾಲ್ಲೂಕು ಕಚೇರಿ ಮುಂದೆ ಬೇರೆ ಹೆಸರಿನಿಂದ ಕರೆಯುವ ಮಂದಿ. ಇವರ ಪೈಕಿ ಜೇಮ್ಸ್ ವಾಟ್ ಅನ್ನುವವರು ರೇಗನ್ ಸಂಪುಟದಲ್ಲೇ ಮಂತ್ರಿಯಾಗಿದ್ದವರು, ಸರ್ಕಾರದ ದುಂದುವೆಚ್ಚದ ಕಡುವಿರೋಧಿ. ಮೇರಿಲ್ಯಾಂಡಿನ ಎಸೆಕ್ಸ್‌ನ ಒಂದು ಯೋಜನೆಗಾಗಿ ಕೆಲವು ಫೋನು, ಪಿಯರ್ಸ್ ಜೊತೆ ಒಂದು ಭೇಟಿ, ಇಷ್ಟಕ್ಕೆ ಅವರಿಗೆ ಸಂದದ್ದು 3 ಲಕ್ಷ ಡಾಲರ್.

1989ರಲ್ಲಿ ಹಡ್‌ನ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಇಲಾಖೆಯೊಳಗೇ ಇದ್ದು ಅಕ್ರಮಗಳ ತನಿಖೆ ಮಾಡುವ ಅಧಿಕಾರಿಯ ವರದಿ ಹೊರಬಂತು. ಸಂಸದ ಟಾಮ್ ಲ್ಯಾಂಟೋಸ್ ಅವರ ಉಪಸಮಿತಿ ಒಬ್ಬೊಬ್ಬರನ್ನೇ ಕರೆಸಿತು. ಪಿಯರ್ಸ್ ಮೊದಲ ಸಲ ಬಂದು ಮಾತಾಡಿದರು, ಮತ್ತೆ ಕರೆದಾಗ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಸಂವಿಧಾನದ ಹಕ್ಕನ್ನು ಮುಂದೆ ಮಾಡಿದರು. ಸ್ವತಂತ್ರ ತನಿಖೆ 1990ರಿಂದ 1998ರವರೆಗೆ ಎಳೆಯಿತು. 17 ಜನರಿಗೆ ಶಿಕ್ಷೆ ಖಾತ್ರಿಯಾಯಿತು. ಡೀನ್ ಅವರ ಮೇಲಿನ ಕೆಲವು ಆರೋಪಗಳು ಮೇಲ್ಮನವಿಯಲ್ಲಿ ಬಿದ್ದುಹೋದವು, ಕೆಲವು ನಿಂತವು. ವಾಟ್ 1996ರಲ್ಲಿ ಸಣ್ಣ ಅಪರಾಧವೊಂದನ್ನು ಒಪ್ಪಿಕೊಂಡು ಪಾರಾದರು. ಪಿಯರ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ, ತನ್ನ ನಡತೆಯೂ ಇಂಥ ವಾತಾವರಣಕ್ಕೆ ಕಾರಣವಾಯಿತು ಅಂತ ಬರೆದುಕೊಟ್ಟರು.

ಅಷ್ಟೇ ಆಗಿದ್ದರೆ ಅಳಿಯಂದಿರ ವಾದ ಪೂರ್ತಿ ಸೋತಂತೆ. ಆದರೆ 1989ರ ಡಿಸೆಂಬರಿನಲ್ಲಿ ಹಡ್ ಸುಧಾರಣಾ ಕಾಯ್ದೆ ಬಂತು. ಹಣ ಹಂಚುವ ಮೊದಲು ಮಾನದಂಡ ಪ್ರಕಟಿಸಬೇಕು, ಯಾರಿಗೆ ಸಿಗುತ್ತದೆ ಅಂತ ಮುಂಚೆಯೇ ಕಿವಿಯಲ್ಲಿ ಊದಬಾರದು. ನಿಯಮ ಸಡಿಲಿಸಿದರೆ ಅದು ಲಿಖಿತವಾಗಿರಬೇಕು, ಸಡಿಲಿಸುವವರು ಅಸಿಸ್ಟೆಂಟ್ ಸೆಕ್ರೆಟರಿ ದರ್ಜೆಗಿಂತ ಕೆಳಗಿನವರಾಗಿರಬಾರದು, ಮೂರು ತಿಂಗಳಿಗೊಮ್ಮೆ ಎಲ್ಲವೂ ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಆ ಪಟ್ಟಿಯನ್ನು ನಾನು ಕಚೇರಿಯಲ್ಲಿ ಓದುತ್ತಿದ್ದೆ. ಯಾವ ಊರಿನ ಯಾವ ಯೋಜನೆ, ಯಾವ ನಿಯಮ, ಸಡಿಲಿಸಿದವರ ಹೆಸರು, ತಾರೀಖು, ಕಾರಣ, ವಿಚಾರಿಸಬೇಕಾದವರ ವಿಳಾಸ. ಇಷ್ಟು ನೀರಸವಾದ ಓದು ಮತ್ತೊಂದಿಲ್ಲ. ನಮ್ಮ ಆಶ್ರಯ ಪಟ್ಟಿಯನ್ನೂ ಯಾರಾದರೂ ಹೀಗೆ ನೀರಸವಾಗಿ ಅಚ್ಚು ಹಾಕಲಿ ನೋಡೋಣ, ಶಾಸಕರ ಬಾಗಿಲಲ್ಲಿ ಅರ್ಧ ಜನ ಕಡಿಮೆಯಾಗುತ್ತಾರೆ.

ಇನ್‌ಸ್ಪೆಕ್ಟರ್ ಜನರಲ್ ಹುದ್ದೆ ಬಗ್ಗೆ ಒಂದು ಸಾಲು ಸೇರಿಸಬೇಕು. ಆ ಅಧಿಕಾರಿಯೂ ಅಧ್ಯಕ್ಷರೇ ನೇಮಿಸುವವರು, ಆದರೆ ಪಕ್ಷ ನೋಡದೆ ಮುಂದುವರಿಸುವ ವಾಡಿಕೆಯಿತ್ತು. 2025ರ ಜನವರಿ 24ರ ರಾತ್ರಿ ಹಲವು ಇಲಾಖೆಗಳ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಟ್ಟಿಗೆ ತೆಗೆದುಹಾಕಿದರು, ಹಡ್‌ನವರೂ ಅದರಲ್ಲಿ ಸೇರಿದ್ದರು. ತೆಗೆಯುವ 30 ದಿನ ಮೊದಲು ಸಂಸತ್ತಿಗೆ ಕಾರಣ ಹೇಳಬೇಕೆಂಬ ಕಾನೂನಿದೆ. ಹೇಳಿರಲಿಲ್ಲ.

ಮೇಲೆ ಯಾರು ಕೂತರೆ ಕೆಳಗಿನ ಬಾಡಿಗೆದಾರನಿಗೇನು? ನೀವು ಒಳಗಿದ್ದವರು, ನಿಜ ಹೇಳಿ.
— ಕೃಷಿಕರು, ಶಿರಸಿ

ದಿನನಿತ್ಯಕ್ಕೆ ಏನೂ ಇಲ್ಲ. ಜನವರಿ 20ರ ಮಧ್ಯಾಹ್ನ ಸರ್ಕಾರ ಬದಲಾದರೂ ನಮ್ಮ ಕಿಟಕಿ ಮುಂದೆ ಅದೇ ಸಾಲು, ಅದೇ ಸಂಬಳದ ಚೀಟಿ, ಬಾಡಿಗೆದಾರರ ವಿವರ ತುಂಬುವ ಅದೇ 50058 ನಮೂನೆ. ತರಬೇತಿಗೆ ಕೇಂದ್ರದ ಕಟ್ಟಡಗಳಿಗೆ ಹೋದಾಗ ಮಾತ್ರ ಬದಲಾವಣೆ ಕಾಣುತ್ತಿತ್ತು. ಗೋಡೆಯ ಮೇಲಿನ ಫೋಟೋಗಳು ಇಳಿದಿರುತ್ತಿದ್ದವು. 2017ರಲ್ಲಂತೂ ಹೊಸ ಅಧ್ಯಕ್ಷರ ಅಧಿಕೃತ ಫೋಟೋ ಅಕ್ಟೋಬರ್ ಕೊನೆಯವರೆಗೆ ಬರಲಿಲ್ಲ, ಚೌಕಟ್ಟು ಖಾಲಿ. ಸುತ್ತೋಲೆಗಳ ಕೊನೆಯಲ್ಲೂ ಗೊತ್ತಾಗುತ್ತಿತ್ತು: ಅಸಿಸ್ಟೆಂಟ್ ಸೆಕ್ರೆಟರಿ ಇರಬೇಕಾದ ಜಾಗದಲ್ಲಿ ತಿಂಗಳುಗಟ್ಟಲೆ ಬೇರೆಯವರ ಸಹಿ. ಸೆನೆಟ್ಟಿನ ಒಪ್ಪಿಗೆ ತಡವಾದಷ್ಟೂ ಹಂಗಾಮಿಗಳ ರಾಜ್ಯ.

ಆದರೆ ನಿಯಮ ಬದಲಾದಾಗ ಬಾಡಿಗೆದಾರನಿಗೆ ನೇರವಾಗಿ ತಟ್ಟುತ್ತದೆ. ವೋಚರ್ ಇದ್ದವರು ಆದಾಯದ ಸುಮಾರು 30 ಶೇಕಡಾ ಬಾಡಿಗೆ ಕಟ್ಟುತ್ತಾರೆ, ಉಳಿದದ್ದು ನಮ್ಮ ಕಚೇರಿಯಿಂದ, ಒಂದು ಮಿತಿಯವರೆಗೆ. ಆ ಮಿತಿ ಹಿಂದೆ ಇಡೀ ಮಹಾನಗರಕ್ಕೆ ಒಂದೇ. ಒಳ್ಳೆಯ ಶಾಲೆ ಇರುವ ಕಡೆ ಬಾಡಿಗೆ ಮಿತಿ ದಾಟುತ್ತದೆ, ಆದ್ದರಿಂದ ಬಡವರು ಬಡವರ ಕೇರಿಯಲ್ಲೇ ಉಳಿಯುತ್ತಾರೆ. ಒಬಾಮಾ ಕಾಲದ ಸೆಕ್ರೆಟರಿ ಹೂಲಿಯನ್ ಕಾಸ್ಟ್ರೋ 2016ರ ಕೊನೆಯಲ್ಲಿ, 24 ಮಹಾನಗರ ಪ್ರದೇಶಗಳಲ್ಲಿ ಪಿನ್‌ಕೋಡ್‌ಗೊಂದು ಮಿತಿ ಅಂತ ನಿಯಮ ತಂದರು. ವಾಷಿಂಗ್ಟನ್ ಸುತ್ತಲಿನ ನಾವೂ ಅದರಲ್ಲಿ. ಒಂದೇ ಕೌಂಟಿಯೊಳಗೆ ಎರಡು ಪಿನ್‌ಕೋಡ್‌ಗಳ ನಡುವೆ, ಅದೇ ಎರಡು ಬೆಡ್‌ರೂಮಿಗೆ ನೂರಾರು ಡಾಲರ್ ಅಂತರ. ಪಟ್ಟಿ ತಯಾರಿಸುತ್ತ ಕೂತಾಗ ನನಗೇ ಬೆರಗು.

2017ರ ಆಗಸ್ಟಿನಲ್ಲಿ ಕಾರ್ಸನ್ ಅವರ ಹಡ್‌ನಿಂದ ಪತ್ರ: ಎರಡು ವರ್ಷ ತಡೆದಿದ್ದೇವೆ. ಪಟ್ಟಿ ಡ್ರಾಯರಿಗೆ ಹೋಯಿತು. ವಸತಿ ಸಂಘಟನೆಯವರು, ಬಾಡಿಗೆದಾರರು ಕೋರ್ಟಿಗೆ ಹೋದರು. ಡಿಸೆಂಬರ್ 23ರಂದು ನ್ಯಾಯಾಧೀಶೆ ಬೆರಿಲ್ ಹೌವೆಲ್ ಆ ತಡೆಯನ್ನೇ ತಡೆದರು. 2018ರ ಏಪ್ರಿಲ್ 1ರೊಳಗೆ ಜಾರಿ ಮಾಡಿ ಅಂತ ಹಡ್ ಮತ್ತೆ ಬರೆಯಿತು. ಡ್ರಾಯರಿನಿಂದ ಪಟ್ಟಿ ಹೊರಗೆ. ವಾಷಿಂಗ್ಟನ್ನಿನಲ್ಲಿ ಮುಖ ಬದಲಾದದ್ದು ನಮ್ಮ ಕಿಟಕಿಗೆ ಮುಟ್ಟುವುದು ಹೀಗೆ. ಚೌಕಾಸಿ ಮಾಡುತ್ತ ನಿಂತ ತಾಯಿಗೆ ಕಾರ್ಸನ್ ಯಾರು, ಕಾಸ್ಟ್ರೋ ಯಾರು ಗೊತ್ತಿಲ್ಲ. ಆ ಪಿನ್‌ಕೋಡ್‌ನಲ್ಲಿ ನನ್ನ ಚೀಟಿ ನಡೆಯುತ್ತದಾ ಅಂತ ಮಾತ್ರ ಕೇಳುತ್ತಾಳೆ.

ವಸತಿಯಲ್ಲಿ ಜನಾಂಗ ಭೇದ ತಗ್ಗಿಸಲು ನಗರಗಳು ಕ್ರಮ ಕೈಗೊಳ್ಳಬೇಕೆಂಬ ನಿಯಮದ ಕತೆ ಇನ್ನೂ ವಿಚಿತ್ರ. 2015ರಲ್ಲಿ ಬಂತು, 2018ರಲ್ಲಿ ನಿಂತಿತು, 2020ರಲ್ಲಿ ರದ್ದಾಯಿತು, 2021ರಲ್ಲಿ ಅರ್ಧ ಎದ್ದಿತು, 2025ರಲ್ಲಿ ಟರ್ನರ್ ಮತ್ತೆ ರದ್ದು ಮಾಡಿದರು. ಆಧಾರವಾದ ಕಾಯ್ದೆ 1968ರದ್ದು, ಅದು ಇದ್ದಲ್ಲೇ ಇದೆ.

31 ಸಾವಿರ ಡಾಲರಿನ ಊಟದ ಮೇಜು ನಿಜವೇ?
— ಓದುಗರು, ಉಡುಪಿ

ಮೇಜು, ಕುರ್ಚಿ ಎಲ್ಲ ಸೇರಿ, ಹೌದು. ಕಾರ್ಸನ್ ಅವರ ಕಚೇರಿಗೆ 2017ರಲ್ಲಿ ಆರ್ಡರ್ ಆಗಿತ್ತು. ಸುದ್ದಿಯಾದ ಮೇಲೆ ರದ್ದಾಯಿತು. ಮಂತ್ರಿಯ ಕೋಣೆಗೆ 5,000 ಡಾಲರ್ ದಾಟಿದರೆ ಸಂಸತ್ತಿಗೆ ತಿಳಿಸಬೇಕು, ತಿಳಿಸದೆ ಕಾನೂನು ಮುರಿದಿದ್ದಾರೆ ಅಂತ ಸಂಸತ್ತಿನ ಲೆಕ್ಕ ಪರಿಶೋಧಕರು 2019ರಲ್ಲಿ ಹೇಳಿದರು. ಕಾರ್ಸನ್ ಖುದ್ದಾಗಿ ದುರ್ನಡತೆ ಮಾಡಿದ್ದಕ್ಕೆ ಪುರಾವೆ ಇಲ್ಲ ಅಂತ ಇನ್‌ಸ್ಪೆಕ್ಟರ್ ಜನರಲ್ ಅದೇ ವರ್ಷ ವರದಿ ಕೊಟ್ಟರು. ಎರಡನ್ನೂ ಓದಿಕೊಳ್ಳಿ.

ನಮ್ಮವರು ಯಾರಾದರೂ ಅಲ್ಲಿ ಮೇಲಕ್ಕೇರಿದ್ದಾರೆಯೇ?
— ವಿದ್ಯಾರ್ಥಿನಿ, ಬೆಂಗಳೂರು

ಕನ್ನಡಿಗರು ಅಂತ ಕೇಳಿದರೆ ಹೆಸರು ಹೇಳಲಾರೆ. ಭಾರತೀಯ ಮೂಲದ ಲೋಪಾ ಕೊಲ್ಲೂರಿ 2021ರಲ್ಲಿ ಗೃಹಸಾಲ ವಿಮೆ ವಿಭಾಗದ ಪ್ರಧಾನ ಉಪಮುಖ್ಯಸ್ಥರಾದರು. ಸೆನೆಟ್ ಬೇಕಿಲ್ಲದ ಹುದ್ದೆ, ಆದರೆ ಮೇಲಿನ ಕುರ್ಚಿ ಖಾಲಿ ಇದ್ದಷ್ಟು ದಿನ ಭಾರವೆಲ್ಲ ಇಂಥವರ ಮೇಲೆ. ಆ ಮೇಲಿನ ಕುರ್ಚಿಗೆ ಜೂಲಿಯಾ ಗೋರ್ಡನ್ ಹೆಸರು 2021ರಲ್ಲಿ ಹೋಗಿತ್ತು. ಒಪ್ಪಿಗೆ ಸಿಕ್ಕಿದ್ದು 2022ರ ಮೇನಲ್ಲಿ, ಮತ ಸಮಸಮವಾಗಿ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಬಂದು ತಮ್ಮ ಮತ ಹಾಕಿದ ಮೇಲೆ.

ಮಗ ಅಲ್ಲಿ ನಗರ ಯೋಜನೆಯಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ಇಂಥ ರಾಜಕೀಯ ಹುದ್ದೆಗೆ ಪ್ರಯತ್ನಿಸಬಹುದೇ?
— ತಂದೆ, ತುಮಕೂರು

ನಮ್ಮ ಜಿಲ್ಲೆಯವರು, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮೊದಲು ಪೌರತ್ವ ಬೇಕು, ವಿದ್ಯಾರ್ಥಿ ವೀಸಾದಲ್ಲಿ ಕನಸು ಕಾಣುವುದು ಬೇಡ. ಪೌರನಾದ ಮೇಲೂ ಶೆಡ್ಯೂಲ್ ಸಿ ಹುದ್ದೆಗೆ ಪರೀಕ್ಷೆ ಇಲ್ಲ, ಶಿಫಾರಸು ಇದೆ. ಒಬ್ಬ ಅಭ್ಯರ್ಥಿಯ ಪ್ರಚಾರದಲ್ಲಿ ಬೆವರು ಹರಿಸಿರಬೇಕು, ಅವರು ಗೆದ್ದಿರಬೇಕು. ಕೆಲಸ ಸಿಕ್ಕ ಮೇಲೆ 1939ರ ಹ್ಯಾಚ್ ಕಾಯ್ದೆ ಗೊತ್ತಿರಲಿ: ಸರ್ಕಾರಿ ಕುರ್ಚಿಯ ಅಧಿಕಾರವನ್ನು ಚುನಾವಣೆಗೆ ಬಳಸಬಾರದು. ಟ್ರಂಪ್ ಕುಟುಂಬದ ಕಾರ್ಯಕ್ರಮಗಳನ್ನು ಆಯೋಜಿಸುತ್ತಿದ್ದ ಲಿನ್ ಪ್ಯಾಟನ್ 2017ರಲ್ಲಿ ನ್ಯೂಯಾರ್ಕ್ ಪ್ರಾಂತದ ಹಡ್ ಮುಖ್ಯಸ್ಥೆಯಾದರು. ಸುಮ್ಮನೆ ಕೂತವರಲ್ಲ, 2019ರಲ್ಲಿ ನಗರದ ಸಾರ್ವಜನಿಕ ವಸತಿಯ ಬಾಡಿಗೆದಾರರ ಮನೆಗಳಲ್ಲೇ ಕೆಲವು ವಾರ ತಂಗಿದ್ದರು. ಆದರೆ 2020ರ ರಿಪಬ್ಲಿಕನ್ ಪಕ್ಷದ ಸಮಾವೇಶಕ್ಕೆ ಅಂಥ ಬಾಡಿಗೆದಾರರ ವಿಡಿಯೋ ಮಾಡಿಸಿದರು, ಎಲ್ಲಿ ಬಳಸುತ್ತಾರೆಂದು ತಮಗೆ ತಿಳಿಸಿರಲಿಲ್ಲ ಅಂತ ಕೆಲವರು ಹೇಳಿದರು. 1,000 ಡಾಲರ್ ದಂಡ, ನಾಲ್ಕು ವರ್ಷ ಕೇಂದ್ರ ಸರ್ಕಾರದ ನೌಕರಿಗೆ ನಿಷೇಧ.

ನನ್ನ ಸಲಹೆ ಕೇಳಿದರೆ ಹುಡುಗ ಮೊದಲು ಯಾವುದಾದರೂ ನಗರದ ಅಥವಾ ಕೌಂಟಿಯ ವಸತಿ ಕಚೇರಿಗೆ ಅರ್ಜಿ ಹಾಕಲಿ. ಕೆಲಸದ ಪರವಾನಗಿ ಇದ್ದರೆ ಕೆಲವು ಕಡೆ ಪೌರತ್ವವನ್ನೂ ಕೇಳುವುದಿಲ್ಲ. ಸಂಬಳ ಸಾಧಾರಣ, ಪಿಂಚಣಿ ಪರವಾಗಿಲ್ಲ, ಜನವರಿ 20ರಂದು ಯಾರೂ ಮೇಜು ಖಾಲಿ ಮಾಡಿಸುವುದಿಲ್ಲ. ಸಂದರ್ಶನಕ್ಕೆ ಹೋಗುವ ಮೊದಲು ವೋಚರ್ ಕೈಪಿಡಿಯಲ್ಲಿ ಆದಾಯ ಲೆಕ್ಕ ಹಾಕುವ ಅಧ್ಯಾಯ ಓದಿಕೊಳ್ಳಲಿ, ಅಲ್ಲೇ ಕೇಳುತ್ತಾರೆ.